ಪೋಲೆಂಡಿನ ಪೌರತ್ವ, ಮಾವನವರ ಸಹಿ ಮತ್ತು ಎರಡು ಕಾನೂನುಗಳು

ನನ್ನ ಗಂಡ ಮತ್ತು ಇಬ್ಬರು ಮಕ್ಕಳು ಹುಟ್ಟಿದಂದಿನಿಂದಲೇ ಪೋಲೆಂಡಿನ ಪ್ರಜೆಗಳು ಎಂದು ದೃಢಪಡಿಸುವ ಪತ್ರಗಳು ಬಂದು, ಈಗ ಅವರ ಪಾಸ್‌ಪೋರ್ಟುಗಳೂ ಕೈಸೇರಿವೆ. ಈ ಮಾತು ಮನೆಯಲ್ಲಿ ಮೊದಲು ಬಂದದ್ದು 2018ರ ಆರಂಭದಲ್ಲಿ. ಪಾಸ್‌ಪೋರ್ಟುಗಳು ಕೈಸೇರುವ ಹೊತ್ತಿಗೆ 2022ರ ಬೇಸಿಗೆ ಮುಗಿಯುತ್ತಿತ್ತು. ಈ ನಡುವೆ ಪೋಲೆಂಡ್ ಮತ್ತು ಇಸ್ರೇಲ್ ಸರ್ಕಾರಗಳು ಮುಖ ಮುರಿದುಕೊಂಡವು, ರಾಯಭಾರಿ ಕುರ್ಚಿಗಳು ಖಾಲಿ ಬಿದ್ದವು, ಕೋವಿಡ್ ಬಂದು ಹೋಯಿತು. ನನ್ನಂತೆ ಇಸ್ರೇಲಿನ ಮನೆ ಸೇರಿದ ಕನ್ನಡಿಗರು ಹೆಚ್ಚಿಲ್ಲದಿರಬಹುದು. ಆದರೆ ಮದುವೆಯ ಮೂಲಕವೋ ಕೆಲಸದ ಮೂಲಕವೋ ಯುರೋಪಿನ ಹಳೆಯ ಕಾಗದಗಳ ಬೆನ್ನು ಹತ್ತಿದವರು ಬಹಳ ಜನ ಇದ್ದೀರಿ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದವಳು, ಕೆಲಸ ಮಾಡುವುದು ಇಸ್ರೇಲಿನ ಬಂದರು ನಗರ ಹೈಫಾದಲ್ಲಿ. ಗಂಡನ ಮನೆಯಲ್ಲಿ ಕಚೇರಿ ಕೆಲಸವೆಂದರೆ ಎಲ್ಲರಿಗೂ ಸಿಟ್ಟು. ಅಜ್ಜನ ಹೊಲದ ಪೌತಿ ಖಾತೆಗಾಗಿ ಅಪ್ಪನ ಜೊತೆ ತಹಶೀಲ್ದಾರ್ ಕಚೇರಿಗೆ ಅಲೆದು ಬೆಳೆದ ನನಗೆ ವಂಶವೃಕ್ಷ, ದೃಢೀಕೃತ ಪ್ರತಿ, ‘ನಾಳೆ ಬನ್ನಿ’ ಇವೆಲ್ಲ ಹೊಸವಲ್ಲ. ಹಾಗಾಗಿ ಕಡತ ನನ್ನ ತಲೆಗೆ ಬಂತು.

ಮೊದಲು ವಂಶದ ಕಥೆ ಹೇಳಬೇಕು, ಏಕೆಂದರೆ ಅರ್ಜಿಯೂ ಅಲ್ಲಿಂದಲೇ ಶುರುವಾಗುತ್ತದೆ. ಮಾವನವರ ತಂದೆ ಹುಟ್ಟಿದ್ದು 1912ರಲ್ಲಿ, ಜಾಮೋಶ್ಚ್ ಎಂಬ ಊರಿನಲ್ಲಿ. ಆಗ ಅದು ರಷ್ಯಾದ ಜಾರ್ ದೊರೆಯ ಆಳ್ವಿಕೆಯಲ್ಲಿತ್ತು. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ನರು ಬಂದರು, ನಂತರ ಕೆಲವು ದಿನ ಸೋವಿಯತ್ ಸೈನ್ಯ ಬಂತು. ಆ ಸೈನ್ಯ ಹಿಂದೆ ಸರಿದಾಗ ಊರಿನ ಬಹಳಷ್ಟು ಯಹೂದಿಗಳು ಅದರೊಂದಿಗೆ ಪೂರ್ವಕ್ಕೆ ಹೋದರು. ಅವರಲ್ಲಿ ಈ ಅಜ್ಜನೂ ಒಬ್ಬರು. ಹೋದದ್ದರಿಂದ ಉಳಿದರು. ಹಿಂದೆ ಉಳಿದ ಅವರ ಮನೆಯವರಲ್ಲಿ ಯಾರೂ ಬದುಕಲಿಲ್ಲ. ಯುದ್ಧ ಮುಗಿದ ಮೇಲೆ, 1945ರ ಜುಲೈ 6ರ ಪೋಲೆಂಡ್–ಸೋವಿಯತ್ ಒಪ್ಪಂದದ ಪ್ರಕಾರ, 1939ರ ಸೆಪ್ಟೆಂಬರ್ 17ರಂದು ಪೋಲೆಂಡಿನ ಪ್ರಜೆಗಳಾಗಿದ್ದ ಪೋಲರು ಮತ್ತು ಯಹೂದಿಗಳು ಹಿಂದಿರುಗಬಹುದಿತ್ತು. ಹಾಗೆ ಬಂದವರಲ್ಲಿ ಅನೇಕರನ್ನು ಜರ್ಮನಿಯಿಂದ ಹೊಸದಾಗಿ ಸೇರಿದ ಪಶ್ಚಿಮದ ಪ್ರದೇಶದಲ್ಲಿ ನೆಲೆಗೊಳಿಸಿದರು. ಅಜ್ಜ ಗಣಿಗಳ ಊರಾದ ವಾವುಬ್ಜಿಖ್ ಸೇರಿದರು. ಮಾವನವರು ಅಲ್ಲೇ 1948ರಲ್ಲಿ ಹುಟ್ಟಿದರು. 1956ರ ಅಕ್ಟೋಬರಿನಲ್ಲಿ ಕಮ್ಯುನಿಸ್ಟ್ ನಾಯಕ ಗೊಮುಲ್ಕಾ ಅಧಿಕಾರಕ್ಕೆ ಬಂದ ಮೇಲೆ ಗಡಿ ಸಡಿಲವಾಯಿತು, ಹತ್ತಾರು ಸಾವಿರ ಯಹೂದಿಗಳು ಹೊರಟರು. ಈ ಕುಟುಂಬ 1958ರ ವಸಂತದಲ್ಲಿ ರೈಲಿನಲ್ಲಿ ಇಟಲಿಗೆ ಬಂದು, ಹಡಗು ಹತ್ತಿ ಹೈಫಾದಲ್ಲಿ ಇಳಿಯಿತು. ಹೊರಡುವಾಗ ಅವರ ಕೈಯಲ್ಲಿದ್ದದ್ದು ಪಾಸ್‌ಪೋರ್ಟ್ ಅಲ್ಲ, ಒಂದು ಪ್ರಯಾಣ ದಾಖಲೆ. ಅದನ್ನು ಹೊಂದಿದವರು ಪೋಲೆಂಡಿನ ಪ್ರಜೆಯಲ್ಲ ಎಂದು ಅದರಲ್ಲೇ ಬರೆದಿತ್ತು.

ಈ ಒಂದು ಸಾಲಿನಿಂದಾಗಿ ನಮ್ಮ ಬಂಧುಗಳೆಲ್ಲ ‘ಇದು ಆಗದ ಕೆಲಸ’ ಎಂದುಕೊಂಡಿದ್ದರು. ನಾನು ಕಾನೂನು ಓದತೊಡಗಿದೆ. ಪೋಲೆಂಡಿನಲ್ಲಿ ವಂಶದ ಆಧಾರದ ಮೇಲೆ ಹೊಸದಾಗಿ ಪೌರತ್ವ ಕೊಡುವುದಿಲ್ಲ. ಇದ್ದದ್ದು ಹೋಗಿಲ್ಲ ಎಂದು ದೃಢಪಡಿಸುತ್ತಾರೆ, ಅಷ್ಟೇ. ಎಷ್ಟು ತಲೆಮಾರು ಎಂಬ ಮಿತಿ ಇಲ್ಲ, ಆದರೆ ಸರಪಳಿ ಎಲ್ಲಿಯೂ ತುಂಡಾಗಿರಬಾರದು. ತುಂಡಾಯಿತೇ ಇಲ್ಲವೇ ಎಂಬುದನ್ನು ಆಯಾ ಕಾಲದ ಕಾನೂನು ಹೇಳುತ್ತದೆ: 1920ರದ್ದು, 1951ರದ್ದು, 1962ರದ್ದು. ಈಗಿನ ಅರ್ಜಿ ಮಾತ್ರ 2009ರ ಕಾಯ್ದೆಯಡಿ. 1920ರ ಕಾನೂನಿನಲ್ಲಿ ಅನುಮತಿಯಿಲ್ಲದೆ ವಿದೇಶಿ ಸೈನ್ಯ ಸೇರಿದರೂ ವಿದೇಶದಲ್ಲಿ ಸರ್ಕಾರಿ ಹುದ್ದೆ ಹಿಡಿದರೂ ಪೌರತ್ವ ಹೋಗುತ್ತಿತ್ತು. ಅದು 1951ರ ಜನವರಿ 19ರವರೆಗೆ ಜಾರಿಯಲ್ಲಿತ್ತು. ನಿಮ್ಮ ಕಡೆಯ ಅಜ್ಜ 1948ರ ಯುದ್ಧದಲ್ಲಿ ಇಸ್ರೇಲ್ ಸೈನ್ಯದಲ್ಲಿದ್ದರೆ ಈ ದಿನಾಂಕವನ್ನು ಮೊದಲು ನೋಡಿ, ಆಮೇಲೆ ದುಡ್ಡು ಖರ್ಚು ಮಾಡಿ. ನಮ್ಮವರು 1958ರಲ್ಲಿ ಬಂದವರಾದ್ದರಿಂದ ಈ ಗಂಡಾಂತರ ತಪ್ಪಿತ್ತು.

ಇನ್ನೊಂದು ಕಾನೂನಿನ ನೆನಪು ಇಲ್ಲಿನ ಹಿರಿಯರಿಗೆ ಮರೆತಿಲ್ಲ. 1938ರ ಮಾರ್ಚ್ 31ರಂದು, ಐದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದವರ ಪೌರತ್ವ ಕಿತ್ತುಕೊಳ್ಳಲು ವಾರ್ಸಾದ ಸರ್ಕಾರ ಕಾಯ್ದೆ ಮಾಡಿತು. ಹಿಟ್ಲರನ ಆಳ್ವಿಕೆಯಲ್ಲಿದ್ದ ಪೋಲಿಷ್ ಯಹೂದಿಗಳು ಮರಳಿ ಬರದಂತೆ ಮಾಡುವುದೇ ಅದರ ಗುರಿಯಾಗಿತ್ತು. ಅಕ್ಟೋಬರ್ ಕೊನೆಯಲ್ಲಿ ಜರ್ಮನಿ ಸುಮಾರು 17,000 ಜನರನ್ನು ಗಡಿಯ ಈಚೆಗೆ ತಳ್ಳಿತು. ಝ್ಬೊಂಶಿನ್ ಎಂಬ ಗಡಿ ಊರಿನಲ್ಲಿ ಸಾವಿರಾರು ಜನ ತಿಂಗಳುಗಟ್ಟಲೆ ಅತಂತ್ರರಾಗಿ ಬಿದ್ದಿದ್ದರು. ಅಂಥ ಮನೆಗಳಿಂದ ಬಂದವರು ಅರ್ಜಿ ಹಾಕುವಾಗ ಈ ಕಾಯ್ದೆಯ ಆದೇಶ ಅಜ್ಜನ ಹೆಸರಿಗೆ ಹೊರಟಿತ್ತೇ ಎಂದು ಹುಡುಕಿಸಬೇಕಾಗುತ್ತದೆ.

ನಾವು ಈ ಮಾತು ಎತ್ತಿದ ಹೊತ್ತೇ ಸರಿಯಿರಲಿಲ್ಲ. 2018ರ ಜನವರಿ 26ರಂದು, ಹೋಲೊಕಾಸ್ಟ್ ಸ್ಮರಣ ದಿನದ ಮುನ್ನಾದಿನ, ಪೋಲೆಂಡಿನ ಸಂಸತ್ತಿನ ಕೆಳಮನೆ ರಾಷ್ಟ್ರೀಯ ಸ್ಮೃತಿ ಸಂಸ್ಥೆಯ ಕಾಯ್ದೆಗೆ ತಿದ್ದುಪಡಿ ಅಂಗೀಕರಿಸಿತು. ನಾಜಿ ಅಪರಾಧಗಳ ಹೊಣೆಯನ್ನು ಪೋಲಿಷ್ ರಾಷ್ಟ್ರ ಅಥವಾ ಸರ್ಕಾರದ ಮೇಲೆ ಹೊರಿಸಿದವರಿಗೆ ಮೂರು ವರ್ಷದವರೆಗೆ ಜೈಲು. ಫೆಬ್ರುವರಿ 6ರಂದು ಅಧ್ಯಕ್ಷ ಡೂಡಾ ಸಹಿ ಹಾಕಿದರು. ಪೋಲೆಂಡಿನ ನೆಲದಲ್ಲಿದ್ದ ನಾಜಿ ಸಾವಿನ ಶಿಬಿರಗಳನ್ನು ‘ಪೋಲಿಷ್ ಶಿಬಿರ’ ಎಂದಾಗ ಪೋಲರಿಗೆ ಆಗುವ ನೋವು ಸುಳ್ಳಲ್ಲ. ಶಿಬಿರಗಳನ್ನು ಕಟ್ಟಿದ್ದು, ನಡೆಸಿದ್ದು ಜರ್ಮನ್ನರು. ಯಹೂದಿಗಳನ್ನು ಕಾಪಾಡಿದ್ದಕ್ಕಾಗಿ ಜೆರುಸಲೇಮಿನ ಹೋಲೊಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಗೌರವಿಸಿದವರಲ್ಲಿ ಏಳು ಸಾವಿರಕ್ಕೂ ಹೆಚ್ಚು ಪೋಲರಿದ್ದಾರೆ, ಬೇರೆ ಯಾವ ದೇಶದವರೂ ಅಷ್ಟಿಲ್ಲ. ಆದರೆ ಇತಿಹಾಸವನ್ನು ಜೈಲಿನ ಬೆದರಿಕೆಯಿಂದ ಕಾಯಲು ಹೊರಟದ್ದು ನನಗಂತೂ ಅಂಜುಬುರುಕ ಸರ್ಕಾರದ ಕೆಲಸವಾಗಿ ಕಂಡಿತು. ಮಾವನವರು ಟಿವಿ ಆರಿಸಿ ಹೇಳಿದ್ದು ಇಷ್ಟೇ: “ಶಿಬಿರ ಜರ್ಮನ್ನರದ್ದು, ಒಪ್ಪಿದೆ. 1946ರಲ್ಲಿ ಕಿಯೆಲ್ತ್ಸೆಯಲ್ಲಿ ಜರ್ಮನ್ನರು ಎಲ್ಲಿದ್ದರು?” ಯುದ್ಧ ಮುಗಿದು ವರ್ಷ ಕಳೆದ ಮೇಲೆ, ಬದುಕಿ ಬಂದಿದ್ದ 42 ಯಹೂದಿಗಳನ್ನು ಆ ಊರಿನಲ್ಲಿ ಕೊಂದಿದ್ದರು. ಆ ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಲ್ಲುವುದಿಲ್ಲ ಎಂದು ಅವರು ಖಂಡಿತವಾಗಿ ಹೇಳಿಬಿಟ್ಟರು.

ಅವರ ಸಹಿ ಇಲ್ಲದೆ ಮುಂದೆ ಹೋಗುವುದು ಕಷ್ಟವಿತ್ತು. ಮೊದಲು ಅವರ ಪೌರತ್ವ ದೃಢಪಟ್ಟರೆ ಮಗನದ್ದು, ಮೊಮ್ಮಕ್ಕಳದ್ದು ಸುಲಭ. ಅವರ ಹೆಸರಿನ ಹಳೆಯ ಕಡತ ಕೇಳಲೂ ಅವರೇ ಬೇಕು. ಆ ವರ್ಷ ಜೂನ್ 27ರಂದು ಜೈಲು ಶಿಕ್ಷೆಯ ಕಲಮುಗಳನ್ನು ತೆಗೆದುಹಾಕಿ, ಎರಡೂ ದೇಶಗಳ ಪ್ರಧಾನಿಗಳು ಜಂಟಿ ಹೇಳಿಕೆ ಹೊರಡಿಸಿದರು. ನಾನು ಆಸೆಯಿಂದ ಮತ್ತೆ ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಕಾಯುತ್ತಾ ಕೂರುವ ಬದಲು, ತೀರಿಹೋದ ಅಜ್ಜನ ಕಾಗದಗಳನ್ನು ಗಂಡನ ಹೆಸರಿನಲ್ಲಿ ಹುಡುಕತೊಡಗಿದೆವು. ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ವಕೀಲರಿಗೆ ದುಡ್ಡು ಸುರಿಯುವುದು ಇಲ್ಲೇ. ನಾವು ವಿಚಾರಿಸಿದ ಒಂದು ಏಜೆನ್ಸಿ ಸಾವಿರಾರು ಯೂರೊ ಕೇಳಿತು. ಅವರು ಮಾಡುವ ಹುಡುಕಾಟದ ಬಹುಪಾಲು ಮನೆಯಲ್ಲೇ ಕುಳಿತು ಇಮೇಲ್ ಮೂಲಕ ಆಗುವಂಥದ್ದು. ಪೋಲೆಂಡಿನಲ್ಲಿ ನೂರು ವರ್ಷ ದಾಟಿದ ಜನನ ದಾಖಲೆಗಳು ಮತ್ತು ಎಂಬತ್ತು ವರ್ಷ ದಾಟಿದ ಮದುವೆ, ಮರಣ ದಾಖಲೆಗಳು ಸರ್ಕಾರಿ ಪತ್ರಾಗಾರಗಳಿಗೆ ಹೋಗುತ್ತವೆ. ಅದಕ್ಕಿಂತ ಹೊಸವು ಆಯಾ ಊರಿನ ನಾಗರಿಕ ನೋಂದಣಿ ಕಚೇರಿಯಲ್ಲಿರುತ್ತವೆ. ಅಲ್ಲಿ ಸಂಕ್ಷಿಪ್ತ ಪ್ರತಿಗೆ 22 ಜ್ವೋಟಿ (ಪೋಲೆಂಡಿನ ನಾಣ್ಯ), ಪೂರ್ಣ ಪ್ರತಿಗೆ 33. ಪೂರ್ಣ ಪ್ರತಿಯನ್ನೇ ಕೇಳಿ. ಅದರ ಅಂಚಿನ ಟಿಪ್ಪಣಿಗಳು ಬಹಳ ಸಲ ಕೆಲಸಕ್ಕೆ ಬರುತ್ತವೆ.

ಅಜ್ಜನ ಜನನ ದಾಖಲೆ ಸಿಕ್ಕಿತು, ಆದರೆ ರಷ್ಯನ್ ಭಾಷೆಯಲ್ಲಿ, ಕೂಡಕ್ಷರದಲ್ಲಿ. 1868ರಿಂದ ಮೊದಲ ಮಹಾಯುದ್ಧದವರೆಗೆ ಆ ಭಾಗದ ದಾಖಲೆಗಳೆಲ್ಲ ಹಾಗೆಯೇ. ಅದರಲ್ಲಿ ಇನ್ನೊಂದು ತೊಡಕು ಅಡಗಿತ್ತು. ಅಜ್ಜನ ತಂದೆತಾಯಿಯ ಮದುವೆ ರಬ್ಬಿಯ ಮುಂದೆ ಆಗಿತ್ತೇ ಹೊರತು ಸರ್ಕಾರಿ ಪುಸ್ತಕದಲ್ಲಿ ದಾಖಲಾಗಿರಲಿಲ್ಲ. ಹಳೆಯ ಕಾನೂನಿನಲ್ಲಿ ಮದುವೆಯೊಳಗೆ ಹುಟ್ಟಿದ ಮಗುವಿಗೆ ತಂದೆಯ ಪೌರತ್ವ, ಹೊರಗೆ ಹುಟ್ಟಿದ್ದಕ್ಕೆ ತಾಯಿಯದು. ಯಹೂದಿ ಕುಟುಂಬಗಳಲ್ಲಿ ಇದು ಮಾಮೂಲು, ಗಾಬರಿಯಾಗಬೇಡಿ. ನಮ್ಮ ಪ್ರಕರಣದಲ್ಲಿ ತಂದೆತಾಯಿ ಇಬ್ಬರೂ ಅದೇ ಊರಿನವರಾದ್ದರಿಂದ ಯಾವ ಕಡೆಯಿಂದ ನೋಡಿದರೂ ಉತ್ತರ ಒಂದೇ ಆಯಿತು.

ನಿಜವಾದ ಆನೆಬಲ ಬಂದದ್ದು 1946ರ ಕಾಗದಗಳಿಂದ. ವಾರ್ಸಾದ ಯಹೂದಿ ಐತಿಹಾಸಿಕ ಸಂಸ್ಥೆಯಲ್ಲಿ, ಯುದ್ಧಾನಂತರ ಬದುಕುಳಿದವರು ಯಹೂದಿ ಕೇಂದ್ರ ಸಮಿತಿಯಲ್ಲಿ ಹೆಸರು ಬರೆಸಿದ ಚೀಟಿಗಳಿವೆ. ಅಜ್ಜನ ಚೀಟಿಯಲ್ಲಿ ಹುಟ್ಟಿದ ಊರು, 1939ರ ವಾಸ, ಯುದ್ಧಕಾಲದ ವಾಸ ಎಲ್ಲವೂ ಇದ್ದವು. ಸೋವಿಯತ್ ನೆಲದಿಂದ ವಾಪಸು ಬಂದವರ ದಾಖಲೆಗಳು ಸರ್ಕಾರಿ ಪತ್ರಾಗಾರದಲ್ಲಿ ಬೇರೆ ಸಿಕ್ಕವು. 1939ರ ಸೆಪ್ಟೆಂಬರ್ 17ರಂದು ಪ್ರಜೆಯಾಗಿದ್ದವರಿಗೆ ಮಾತ್ರ ಬರಲು ಅವಕಾಶವಿದ್ದ ಮೇಲೆ, ಬಂದದ್ದೇ ಪ್ರಜೆ ಎಂಬುದಕ್ಕೆ ಸಾಕ್ಷಿ. ನಿಮ್ಮ ಮನೆಯವರು ಹೀಗೆ ಬಂದವರಾದರೆ ಯುದ್ಧಪೂರ್ವದ ಪಾಸ್‌ಪೋರ್ಟ್ ಇಲ್ಲವೆಂದು ಕೈಚೆಲ್ಲಬೇಡಿ, ಈ ಪಟ್ಟಿಗಳನ್ನು ಕೇಳಿ.

ಮಾವನವರ ಸಹಿ ಬಂದ ಬಗೆ ವಿಚಿತ್ರ. 2019ರ ಫೆಬ್ರುವರಿಯಲ್ಲಿ ವಾರ್ಸಾದಲ್ಲಿ ಮಧ್ಯಪ್ರಾಚ್ಯದ ಬಗ್ಗೆ ಸಮ್ಮೇಳನ ನಡೆಯಿತು. ಪೋಲರು ನಾಜಿಗಳೊಂದಿಗೆ ಸಹಕರಿಸಿದ್ದರ ಬಗ್ಗೆ ನೆತನ್ಯಾಹು ಅಲ್ಲಿ ಆಡಿದ ಮಾತು ಗದ್ದಲ ಎಬ್ಬಿಸಿತು. ಅದು ತಣ್ಣಗಾಗುವ ಮೊದಲೇ ಇಸ್ರೇಲಿನ ವಿದೇಶಾಂಗ ಖಾತೆ ನೋಡಿಕೊಳ್ಳುತ್ತಿದ್ದ ಮಂತ್ರಿ ಇಸ್ರೇಲ್ ಕಾಟ್ಜ್, ಪೋಲರು ಯಹೂದಿ ದ್ವೇಷವನ್ನು ತಾಯಿಯ ಹಾಲಿನೊಂದಿಗೇ ಕುಡಿಯುತ್ತಾರೆ ಎಂಬ ಹಿಂದಿನ ಪ್ರಧಾನಿ ಶಮೀರರ ಮಾತನ್ನು ಉದ್ಧರಿಸಿದರು. ಪೋಲೆಂಡ್ ಜೆರುಸಲೇಮಿನಲ್ಲಿ ನಡೆಯಬೇಕಿದ್ದ ಮಧ್ಯ ಯುರೋಪಿನ ನಾಲ್ಕು ದೇಶಗಳ ಶೃಂಗಸಭೆಗೆ ಬರುವುದಿಲ್ಲ ಎಂದಿತು, ಸಭೆಯೇ ರದ್ದಾಯಿತು. ಈ ಸಲ ಮಾವನವರ ಸಿಟ್ಟು ತಮ್ಮದೇ ಸರ್ಕಾರದ ಮೇಲೆ ತಿರುಗಿತು. ಅವರು ಹುಟ್ಟಿದಾಗ ತಾಯಿಗೆ ಬಾಣಂತಿ ಜ್ವರ. ಎದುರು ಮನೆಯ ಗಣಿ ಕಾರ್ಮಿಕನ ಹೆಂಡತಿ ತನ್ನ ಮಗುವಿನ ಜೊತೆ ಇವರಿಗೂ ಹಾಲೂಡಿಸಿದ್ದಳಂತೆ. “ನಾನು ಕುಡಿದದ್ದೂ ಅದೇ ಹಾಲು, ಆ ಮಂತ್ರಿಗೆ ಹೋಗಿ ಹೇಳು” ಎಂದು ನನ್ನ ಮೇಲೆ ಕೂಗಾಡಿದರು, ನಾನೇ ಮಂತ್ರಿ ಎಂಬಂತೆ. ಇಷ್ಟು ವರ್ಷ ಮಗನಿಗೂ ಹೇಳದಿದ್ದ ಸಂಗತಿ ಅದು. ಆ ವಾರವೇ ಅಧಿಕಾರ ಪತ್ರಕ್ಕೆ ಸಹಿ ಹಾಕಿ, ಪ್ರಯಾಣ ದಾಖಲೆಯನ್ನೂ ಕೊಟ್ಟರು.

ಆಮೇಲಿನದು ಕಾಗದ ಹೊಂದಿಸುವ ದುಡಿತ. ಇಸ್ರೇಲಿಗೆ ಬಂದವರು ಹೆಸರು ಬದಲಿಸಿಕೊಂಡಿರುತ್ತಾರೆ. ಯೆಝಿ ಹೋಗಿ ಯೋರಾಮ್, ಜರ್ಮನ್ ಧ್ವನಿಯ ಮನೆತನದ ಹೆಸರು ಹೋಗಿ ಹೀಬ್ರೂ ಹೆಸರು. ಪ್ರತಿ ಬದಲಾವಣೆಗೂ ಒಳಾಡಳಿತ ಸಚಿವಾಲಯದಿಂದ ಪ್ರಮಾಣ ಪತ್ರ ಬೇಕು. ಹೀಬ್ರೂವಿನಲ್ಲಿ ಸ್ವರಗಳನ್ನು ಬರೆಯದ ಕಾರಣ ಲ್ಯಾಟಿನ್ ಲಿಪಿಗೆ ಬಂದಾಗ ಒಂದೇ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೂಪ ತಾಳುತ್ತದೆ. ಅನುವಾದಕರಿಗೆ ಕೊಡುವ ಮೊದಲೇ ಎಲ್ಲ ಹೆಸರುಗಳ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಬಹಳ ತೊಂದರೆ ತಪ್ಪುತ್ತದೆ. ಪ್ರಮಾಣಿತ ಅನುವಾದಕರು ಪುಟದ ಲೆಕ್ಕದಲ್ಲಿ ಹಣ ಪಡೆಯುತ್ತಾರೆ. ಅವರ ಪುಟವೆಂದರೆ 1125 ಅಕ್ಷರಗಳು, ನಮ್ಮ ನಿಮ್ಮ ಹಾಳೆಯಲ್ಲ. ಇಡೀ ಕೆಲಸದಲ್ಲಿ ನಮಗೆ ದುಬಾರಿಯಾದದ್ದು ಇದೇ. ಅರ್ಜಿಯ ಮುದ್ರಾಂಕ ಶುಲ್ಕ ನಾವು ಹಾಕಿದಾಗ ಬರೇ 58 ಜ್ವೋಟಿ, ಆಗ ಸಾವಿರ ರೂಪಾಯಿಯ ಆಸುಪಾಸು. ಅಧಿಕಾರ ಪತ್ರಕ್ಕೆ 17. ರಾಯಭಾರ ಕಚೇರಿಯ ಮೂಲಕ ಹಾಕಿದರೆ ಶುಲ್ಕ ಹೆಚ್ಚು.

ಮಕ್ಕಳ ಅರ್ಜಿಗೆ ನಮ್ಮ ಮದುವೆ ಪ್ರಮಾಣ ಪತ್ರವೂ ಬೇಕಾಯಿತು. ಇಸ್ರೇಲಿನಲ್ಲಿ ಸಿವಿಲ್ ಮದುವೆ ಇಲ್ಲ, ಆದ್ದರಿಂದ ನಾವು ಧಾರವಾಡದಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿದ್ದೆವು. ಆ ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್, ಅಂದರೆ ಕಾಗದ ಹೊರದೇಶದಲ್ಲೂ ನಡೆಯುವಂತೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ದೃಢೀಕರಣ. ಭಾರತ 2005ರಿಂದ ಆ ಒಪ್ಪಂದದಲ್ಲಿದೆ. ನನ್ನ ತಮ್ಮ ಬೆಂಗಳೂರಿಗೆ ಹೋಗಿ ಮಾಡಿಸಿ ಕಳುಹಿಸಿದ. ನೋಟರಿಯ ಮುದ್ರೆಯಷ್ಟೇ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅರ್ಜಿ ಹೋಗುವುದು ವೊಯಿವೋಡ್ ಎಂಬ ಪ್ರಾಂತಾಧಿಕಾರಿಗೆ. ಪೋಲೆಂಡಿನಲ್ಲಿ ಕೊನೆಯದಾಗಿ ವಾಸವಿದ್ದ ಪ್ರಾಂತದವರಿಗೆ, ಎಂದೂ ವಾಸವಿರದವರಾದರೆ ವಾರ್ಸಾದಲ್ಲಿರುವವರಿಗೆ. 2020ರ ಜನವರಿಯಲ್ಲಿ ಮಾವನವರ ಅರ್ಜಿ ಹೋಯಿತು. ಅದೇ ತಿಂಗಳು ಯಾದ್ ವಾಶೆಮ್‌ನ ಸಭೆಗೆ ಡೂಡಾ ಬರಲಿಲ್ಲ. ಪುಟಿನ್‌ಗೆ ಮಾತನಾಡಲು ಅವಕಾಶ, ತಮಗಿಲ್ಲ ಎಂಬುದು ಅವರ ದೂರು. ನಂತರ ಕೋವಿಡ್, ಅಂಚೆಯೂ ನಿಂತಂತಾಯಿತು. ಕಾಲಕಾಲಕ್ಕೆ ಒಂದು ಪತ್ರ ಬರುತ್ತಿತ್ತು: ಆಡಳಿತ ಪ್ರಕ್ರಿಯಾ ಸಂಹಿತೆಯ 36ನೇ ಕಲಮಿನ ಪ್ರಕಾರ ತಿಳಿಸುವುದೇನೆಂದರೆ, ನಿಮ್ಮ ಪ್ರಕರಣ ನಿಗದಿತ ಅವಧಿಯಲ್ಲಿ ಮುಗಿಯುತ್ತಿಲ್ಲ, ಹೊಸ ಗಡುವು ಇಂಥ ದಿನ. ಕಾನೂನಿನ ಪ್ರಕಾರ ಒಂದು ತಿಂಗಳು, ಜಟಿಲವಾದರೆ ಎರಡು. ವಾಸ್ತವದಲ್ಲಿ ವರ್ಷ ದಾಟುವುದು ಎಲ್ಲರ ಅನುಭವ. ಈ ಪತ್ರ ತಿರಸ್ಕಾರವಲ್ಲ, ಫೈಲಿಗೆ ಸೇರಿಸಿಟ್ಟು ನಿದ್ದೆ ಮಾಡಿ.

ನಿದ್ದೆ ಕೆಡಿಸಿದ್ದು 2021ರ ವಸಂತದಲ್ಲಿ ಬಂದ ಪತ್ರ. ಮಾವನವರು 1958ರಲ್ಲಿ ಹೊರಡುವಾಗ ಪೌರತ್ವ ಕಳೆದುಕೊಂಡರೇ ಇಲ್ಲವೇ ಎಂದು ಕೇಳಿದ್ದರು. ಹಿನ್ನೆಲೆ ಹೀಗಿದೆ. ಆಗ ಇಸ್ರೇಲಿಗೆ ಹೋಗಬೇಕಾದವರು ಪೋಲಿಷ್ ಪೌರತ್ವ ಬದಲಿಸಲು ಅನುಮತಿ ಬೇಡುವ ಅರ್ಜಿಗೆ ಸಹಿ ಹಾಕಲೇಬೇಕಿತ್ತು. 1958ರ ಜನವರಿ 23ರಂದು, ಪೋಲೆಂಡಿನ ಅಂದಿನ ಉನ್ನತ ಆಡಳಿತ ಸಂಸ್ಥೆಯಾದ ರಾಜ್ಯ ಮಂಡಳಿ ಒಂದೇ ನಿರ್ಣಯದಲ್ಲಿ, ಇಸ್ರೇಲಿಗೆ ಹೊರಡುವವರೆಲ್ಲರಿಗೂ ಸಾಮೂಹಿಕವಾಗಿ ಆ ಅನುಮತಿ ಕೊಟ್ಟಿತು. ಒಬ್ಬೊಬ್ಬರ ಹೆಸರು ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. 1968ರ ಮಾರ್ಚ್ ನಂತರ, ಕಮ್ಯುನಿಸ್ಟ್ ಸರ್ಕಾರ ‘ಜಿಯೋನಿಸ್ಟ್’ (ಯಹೂದಿ ರಾಷ್ಟ್ರವಾದಿ) ವಿರೋಧಿ ಆಂದೋಲನದ ಹೆಸರಿನಲ್ಲಿ ಯಹೂದಿಗಳ ಮೇಲೆ ತಿರುಗಿ ಹದಿಮೂರು ಸಾವಿರಕ್ಕೂ ಮಿಕ್ಕಿ ಜನರನ್ನು ಹೊರಗೆ ಅಟ್ಟಿದಾಗಲೂ ಇದೇ ದಾರಿ ಹಿಡಿಯಿತು. ಆದರೆ ಪ್ರಜಾಪ್ರಭುತ್ವ ಬಂದ ಮೇಲೆ ಪೋಲೆಂಡಿನದೇ ಆಡಳಿತ ನ್ಯಾಯಾಲಯಗಳು ಇದನ್ನು ಒಪ್ಪಲಿಲ್ಲ. ಪೌರತ್ವ ಹೋಗಬೇಕಾದರೆ ಆ ವ್ಯಕ್ತಿಯ ಹೆಸರಿಗೇ ನಿರ್ಧಾರ ಆಗಿರಬೇಕು, ಸಾಮೂಹಿಕ ನಿರ್ಣಯ ಸಾಲದು ಎಂದು ತೀರ್ಪು ಕೊಟ್ಟವು.

ಹಾಗಾದರೆ ಮಾವನವರ ಹೆಸರಿನಲ್ಲಿ ನಿರ್ಧಾರ ಆಗಿತ್ತೇ? ಅದನ್ನು ಹೇಳಬಲ್ಲ ಪಾಸ್‌ಪೋರ್ಟ್ ಕಡತಗಳು ಇರುವುದು ರಾಷ್ಟ್ರೀಯ ಸ್ಮೃತಿ ಸಂಸ್ಥೆಯಲ್ಲಿ. ಹೌದು, 2018ರಲ್ಲಿ ಯಾವ ಸಂಸ್ಥೆಯ ಕಾಯ್ದೆ ತಿದ್ದಿದ್ದಕ್ಕೆ ಮಾವನವರು ಟಿವಿ ಆರಿಸಿದ್ದರೋ ಅದೇ ಸಂಸ್ಥೆ. ಕಮ್ಯುನಿಸ್ಟ್ ಕಾಲದ ಗುಪ್ತ ಪೊಲೀಸರ ಮತ್ತು ಪಾಸ್‌ಪೋರ್ಟ್ ಇಲಾಖೆಯ ಕಾಗದಗಳೆಲ್ಲ ಅಲ್ಲಿವೆ. ಬರೆದೆವು. ದೃಢೀಕೃತ ಪ್ರತಿಗಳು ಬಂದವು: ಅಜ್ಜನ ಕೈಬರಹದ ಅರ್ಜಿ, ಕುಟುಂಬದ ಫೋಟೋ, ಒಬ್ಬ ಅಧಿಕಾರಿಯ ಟಿಪ್ಪಣಿ. ಹೆಸರು ಹೇಳಿ ಪೌರತ್ವ ತೆಗೆದ ಆದೇಶ ಮಾತ್ರ ಇರಲಿಲ್ಲ. ಆ ಇಲ್ಲದ ಕಾಗದವೇ ನಮ್ಮನ್ನು ಗೆಲ್ಲಿಸಿತು. ನಿಮ್ಮ ಮನೆಯವರು 1950ರ ದಶಕದ ಕೊನೆಯಲ್ಲೋ 1968ರ ನಂತರವೋ ಹೊರಟವರಾದರೆ, ಕೇಳುವ ಮೊದಲೇ ಈ ಕಡತ ತರಿಸಿ ಅರ್ಜಿಗೆ ಲಗತ್ತಿಸಿ.

ಅಷ್ಟರಲ್ಲಿ ಎರಡನೆಯ ಜಗಳ. 2021ರ ಆಗಸ್ಟ್ 14ರಂದು ಡೂಡಾ ಸಹಿ ಮಾಡಿದ್ದು ಬೇರೆ ಯಾವುದಕ್ಕೂ ಅಲ್ಲ, ನಮಗೆ ಬರುತ್ತಿದ್ದ ಗಡುವಿನ ಪತ್ರಗಳಲ್ಲಿ ಉಲ್ಲೇಖವಾಗುತ್ತಿದ್ದ ಆಡಳಿತ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಗೆ. ಮೂವತ್ತು ವರ್ಷ ಹಳೆಯದಾದ ಸರ್ಕಾರಿ ಆದೇಶವನ್ನು ಇನ್ನು ಮುಂದೆ ಪ್ರಶ್ನಿಸುವಂತಿಲ್ಲ. ಯುದ್ಧದ ನಂತರ ಕಮ್ಯುನಿಸ್ಟ್ ಸರ್ಕಾರ ವಶಪಡಿಸಿಕೊಂಡ ಆಸ್ತಿಯನ್ನು ಮರಳಿ ಕೇಳಲು ವಾರಸುದಾರರಿಗೆ ಇದ್ದ ಮುಖ್ಯ ದಾರಿ ಮುಚ್ಚಿಹೋಯಿತು. ವಾರ್ಸಾದ ವಾದ ಬೇರೆ: 2015ರ ಸಾಂವಿಧಾನಿಕ ನ್ಯಾಯಮಂಡಳಿಯ ತೀರ್ಪನ್ನು ಪಾಲಿಸುತ್ತಿದ್ದೇವೆ, ಮನೆ ಕಬಳಿಸುವ ವಂಚಕರನ್ನು ತಡೆಯುತ್ತಿದ್ದೇವೆ, ಕಾನೂನು ಎಲ್ಲರಿಗೂ ಒಂದೇ. ವಂಚನೆ ನಡೆದದ್ದು ನಿಜ. ಆದರೆ ಮೂವತ್ತು ಲಕ್ಷ ಯಹೂದಿಗಳು ಕೊಲೆಯಾದ ನೆಲದಲ್ಲಿ, ಆಸ್ತಿ ಹಿಂದಿರುಗಿಸಲು ಸಮಗ್ರ ಕಾನೂನನ್ನೇ ಮಾಡದೆ ಗಡುವನ್ನು ಮಾತ್ರ ಮಾಡಿದರೆ ಯಾರಿಗೆ ಹೆಚ್ಚು ತಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇಸ್ರೇಲಿನ ಆಗಿನ ವಿದೇಶಾಂಗ ಸಚಿವ ಯಾಯಿರ್ ಲಪಿಡ್ ವಾರ್ಸಾದಲ್ಲಿದ್ದ ತಮ್ಮ ರಾಜತಾಂತ್ರಿಕ ಮುಖ್ಯಸ್ಥೆಯನ್ನು ಹಿಂದಕ್ಕೆ ಕರೆಸಿದರು. ರಜೆಯಲ್ಲಿದ್ದ ಪೋಲಿಷ್ ರಾಯಭಾರಿ ಅಲ್ಲೇ ಇರಲಿ ಎಂದರು. ಅವರೂ ಮರಳಲಿಲ್ಲ.

ಬಂಧುಗಳ ಫೋನು ಶುರುವಾಯಿತು: ಇಂಥ ದೇಶದ ಪಾಸ್‌ಪೋರ್ಟ್ ನಿಮಗೆ ಬೇಕೇ? ಜಾಮೋಶ್ಚ್‌ನಲ್ಲಿ ಒಂದು ಮನೆ ಇತ್ತೆಂಬ ಮಾತು ನಮ್ಮ ಮನೆಯಲ್ಲೂ ಇದೆ. ಅದನ್ನು ಕೇಳುವ ಯೋಚನೆ ನಮಗಿರಲಿಲ್ಲ, ಆದರೂ ಇನ್ನು ಕೇಳುವಂತಿಲ್ಲ ಎಂದಾಗ ಗಂಡನಿಗೆ ಮೊದಲ ಸಲ ಸಿಟ್ಟು ಬಂತು. ಮಾವನವರು ಮಾತ್ರ ಈಗ ಅರ್ಜಿ ಹಿಂತೆಗೆಯಲು ಒಪ್ಪಲಿಲ್ಲ. “ಮನೆ ಅವರ ಹತ್ತಿರ ಇರಲಿ, ಹೆಸರು ನನ್ನದು” ಎಂದರು. ನನಗಿದ್ದ ಭಯ ಬೇರೆ. ಸಂಬಂಧ ಹಳಸಿದ ಮೇಲೆ ನಮ್ಮ ಕಡತವನ್ನು ಯಾರಾದರೂ ಮೂಲೆಗೆ ತಳ್ಳಿದರೆ? ಹಾಗೇನೂ ಆಗಲಿಲ್ಲ. ರಾಯಭಾರಿಗಳಿಲ್ಲದ ಆ ಶರತ್ಕಾಲದಲ್ಲೇ ಮಾವನವರ ದೃಢೀಕರಣ ಬಂತು, ಅದರ ಬೆನ್ನಿಗೇ ಮಗ ಮೊಮ್ಮಕ್ಕಳದ್ದೂ ಬಂತು. ತಿರಸ್ಕಾರವಾದರೆ ಹದಿನಾಲ್ಕು ದಿನದೊಳಗೆ ಒಳಾಡಳಿತ ಸಚಿವರಿಗೆ ಮೇಲ್ಮನವಿ, ಆಮೇಲೆ ಆಡಳಿತ ನ್ಯಾಯಾಲಯ. ಪೋಲೆಂಡಿನಲ್ಲಿ ವಿಳಾಸ ಇರುವ ಒಬ್ಬ ಪ್ರತಿನಿಧಿ ಇದ್ದರೆ ಈ ಗಡುವುಗಳು ಕೈತಪ್ಪುವುದಿಲ್ಲ.

ದೃಢೀಕರಣ ಬಂದೊಡನೆ ಪಾಸ್‌ಪೋರ್ಟ್ ಬರುವುದಿಲ್ಲ. ಜನನ ಮತ್ತು ಮದುವೆ ಪತ್ರಗಳನ್ನು ಪೋಲೆಂಡಿನ ನೋಂದಣಿ ಪುಸ್ತಕಕ್ಕೆ ಏರಿಸಬೇಕು, ಪೆಸೆಲ್ ಎಂಬ ಹನ್ನೊಂದು ಅಂಕಿಯ ಗುರುತು ಸಂಖ್ಯೆ ಪಡೆಯಬೇಕು, ಆಮೇಲೆ ರಾಯಭಾರ ಕಚೇರಿಯಲ್ಲಿ ಬೆರಳಚ್ಚು. ಭೇಟಿಯ ಸಮಯ ಕಾಯ್ದಿರಿಸುವುದು ತಾಳ್ಮೆಯ ಪರೀಕ್ಷೆ, ಬೆಳಗಿನ ಹೊತ್ತು ಪ್ರಯತ್ನಿಸಿ. ಮಕ್ಕಳ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು. ಹಾಗಾಗಿ ಕೊನೆಯ ಫಾರಂನಲ್ಲಿ ನನ್ನ ಭಾರತೀಯ ಪಾಸ್‌ಪೋರ್ಟಿನ ಸಂಖ್ಯೆಯೂ ಸೇರಿತು. ಮದುವೆಯಾದ ಮಾತ್ರಕ್ಕೆ ನನಗೆ ಪೋಲಿಷ್ ಪೌರತ್ವ ಬರುವುದಿಲ್ಲ, ನನ್ನದು ಬದಲಾಗುವುದೂ ಇಲ್ಲ. ನಮ್ಮ ಮಕ್ಕಳು ಇಸ್ರೇಲಿ ಪ್ರಜೆಗಳಾಗಿದ್ದರಿಂದ ತೊಡಕಾಗಲಿಲ್ಲ. ನಿಮ್ಮ ಮಕ್ಕಳ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಎರಡನೆಯದಕ್ಕೆ ಕೈಹಾಕುವ ಮೊದಲು ತಿಳಿದವರನ್ನು ಕೇಳಿ, ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲ.

2022ರ ಜುಲೈಯಲ್ಲಿ ಎರಡೂ ದೇಶಗಳು ರಾಯಭಾರಿ ಮಟ್ಟದ ಸಂಬಂಧವನ್ನು ಮತ್ತೆ ಸರಿಪಡಿಸಿಕೊಳ್ಳುವುದಾಗಿ ಪ್ರಕಟಿಸಿದವು. ಅದಕ್ಕೆ ಸ್ವಲ್ಪ ಮೊದಲಷ್ಟೇ ಇಸ್ರೇಲಿ ಶಾಲಾ ಮಕ್ಕಳ ಪೋಲೆಂಡ್ ಪ್ರವಾಸಗಳು ಹೊಸದೊಂದು ತಕರಾರಿನಲ್ಲಿ ರದ್ದಾಗಿದ್ದವು, ಹಾಗಾಗಿ ಮುಂದೇನು ಎಂದು ನಾನು ಆಗ ಪಣ ಕಟ್ಟಲಿಲ್ಲ. ಅರ್ಜಿ ಹಾಕುವವರು ಸರ್ಕಾರಗಳ ಸಂಬಂಧ ಸುಧಾರಿಸಲಿ ಎಂದು ಕಾಯುವ ಅಗತ್ಯವೂ ಇಲ್ಲ. ಪತ್ರಾಗಾರಗಳಿಗೆ ಬರೆಯುವ ಇಮೇಲನ್ನು ಪೋಲಿಷ್ ಭಾಷೆಯಲ್ಲೇ ಬರೆಯಿರಿ. ಅನುವಾದ ತಂತ್ರಾಂಶದ್ದಾದರೂ ನಡೆಯುತ್ತದೆ, ಉತ್ತರ ಬೇಗ ಬರುತ್ತದೆ.